ಗಾಂಧಿ ಬಜಾರಿನಲ್ಲಿ ರಾತ್ರಿಯಾದರೂ ಸೆಖೆ ಇಳಿಯುವುದಿಲ್ಲ ಯಾಕೆ?

ಪ್ರಶ್ನೆ: ಬೇಸಿಗೆಯಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ರಾತ್ರಿ ಒಂಬತ್ತಾದರೂ ಸೆಖೆ. ಬೈಕ್ ಹತ್ತಿ ತೀರ್ಥಹಳ್ಳಿ ರಸ್ತೆಯಲ್ಲಿ ಊರು ದಾಟಿದರೆ ಮೈಗೆ ತಂಪು ತಾಗುತ್ತದೆ. ಮೊಬೈಲ್ ಮಾತ್ರ ಎರಡೂ ಕಡೆ ಒಂದೇ ಉಷ್ಣಾಂಶ ತೋರಿಸುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಇಲ್ಲಿ ಮೈಯನ್ನೇ ನಂಬಿ. ಮೊಬೈಲ್ ಕೊಡುವುದು ಹಲವು ಕಿಲೋಮೀಟರ್ ಅಗಲದ ಪ್ರದೇಶಕ್ಕೆ ಲೆಕ್ಕ ಹಾಕಿದ ಒಂದೇ ಅಂಕಿ. ಬೀದಿ ಬೀದಿಯ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ. ಸುತ್ತಲಿನ ಬಯಲಿಗಿಂತ ಊರಿನ ಗಾಳಿ ಬಿಸಿಯಾಗಿ ಉಳಿಯುವುದನ್ನು ಶಾಖ ದ್ವೀಪ ಎನ್ನುತ್ತಾರೆ. ಈ ವ್ಯತ್ಯಾಸ ರಾತ್ರಿ ಹೊತ್ತು ಹೆಚ್ಚು ಎಂಬುದನ್ನು ಹವಾಮಾನ ವೀಕ್ಷಕ ಲ್ಯೂಕ್ ಹೊವಾರ್ಡ್ ಲಂಡನ್ನಿನಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಅಳೆದು ತೋರಿಸಿದ್ದ.

ಕತ್ತಲಾದ ಮೇಲೆ ನೆಲ, ಗೋಡೆ, ತಾರಸಿ ಎಲ್ಲವೂ ಹಗಲಿನ ಶಾಖವನ್ನು ಆಕಾಶಕ್ಕೆ ಬಿಡಬೇಕು. ಬಜಾರಿನ ಅಡ್ಡರಸ್ತೆಯಲ್ಲಿ ತಲೆ ಎತ್ತಿ ನೋಡಿ: ಎರಡು ಸಾಲು ಕಟ್ಟಡಗಳ ನಡುವೆ ಒಂದು ಪಟ್ಟಿಯಷ್ಟೇ ಆಕಾಶ. ಒಂದು ಗೋಡೆ ಬಿಟ್ಟ ಶಾಖವನ್ನು ಎದುರು ಗೋಡೆ ಹೀರಿಕೊಂಡು ತಿರುಗಿ ಬೀದಿಗೇ ಬಿಡುತ್ತದೆ. ಅಂಗಡಿಗಳ ಎಸಿ ಒಳಗಿನ ಶಾಖದ ಜೊತೆಗೆ ತಾನು ತಿಂದ ಕರೆಂಟನ್ನೂ ಶಾಖವಾಗಿಸಿ ಹೊರಗೆ ಹಾಕುತ್ತದೆ. ತಗಡಿನ ಶೆಡ್ಡಿನ ಕತೆ ಬೇರೆ. ಮಧ್ಯಾಹ್ನ ಮುಟ್ಟಲಾಗದಷ್ಟು ಕಾದರೂ ತೆಳುವಾದ್ದರಿಂದ ಸಂಜೆಗೇ ಆರುತ್ತದೆ. ದಪ್ಪ ಆರ್‌ಸಿಸಿ ತಾರಸಿ ಮಾತ್ರ ನಡುರಾತ್ರಿ ಕಳೆದರೂ ಬಿಸಿ ಉಗುಳುತ್ತಿರುತ್ತದೆ.

ಹೀಗಾಗಿ ಹಗಲಿನ ಉಪಗ್ರಹ ನಕ್ಷೆ ನೋಡಿ ತೀರ್ಮಾನಕ್ಕೆ ಬರುವುದು ಅಪಾಯ. ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ ಹತ್ತು–ಹನ್ನೊಂದರ ನಡುವೆ; ಅದು ಅಳೆಯುವುದು ಮೇಲ್ಮೈ ಬಿಸಿಯನ್ನು, ಗಾಳಿಯದನ್ನಲ್ಲ. ಕೊಯ್ಲಾಗಿ ಒಣಗಿದ ಗದ್ದೆ ಮಾರ್ಚಿನಲ್ಲಿ ನಕ್ಷೆಯಲ್ಲಿ ಊರಿಗಿಂತ ಕೆಂಪಗೆ, ಅಂದರೆ ಬಿಸಿಯಾಗಿ, ಕಾಣಬಹುದು. ಅದೇ ಗದ್ದೆ ರಾತ್ರಿ ಎಲ್ಲಕ್ಕಿಂತ ಬೇಗ ತಣಿಯುತ್ತದೆ. ಅಡಿಕೆ ತೋಟದ್ದು ಇದಕ್ಕೆ ಉಲ್ಟಾ. ಹಗಲು ಎಲೆಗಳಿಂದ ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖ ಕಳೆಯುತ್ತದೆ, ತೋಟ ತಂಪಾಗಿರುತ್ತದೆ. ರಾತ್ರಿ ಸೋಗೆಯ ಚಪ್ಪರವೇ ಶಾಖಕ್ಕೆ ಅಡ್ಡ ನಿಲ್ಲುವುದರಿಂದ ಬಯಲಿನಷ್ಟು ತಣಿಯುವುದಿಲ್ಲ.

ನೀವೇ ಅಳೆಯಬಹುದು. 0.1 ಡಿಗ್ರಿವರೆಗೆ ತೋರಿಸುವ, ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಸಾಕು. ಸೆನ್ಸರನ್ನು ಎರಡೂ ಬದಿ ತೆರೆದ ಬಿಳಿ ಪಿವಿಸಿ ಪೈಪಿನ ತುಂಡಿನೊಳಗೆ ಕೂರಿಸಿ, ಬೈಕಿನ ಹ್ಯಾಂಡಲ್ ಮುಂದೆ, ಹೆಡ್‌ಲೈಟಿನಿಂದ ದೂರಕ್ಕೆ ಕಟ್ಟಿ. ಬಿಸಿಲು ಇಳಿದು ಎರಡು–ಮೂರು ಗಂಟೆ ಆದ ಮೇಲೆ ಹೊರಡಿ. ಗಂಟೆಗೆ 20 ಕಿಲೋಮೀಟರ್ ವೇಗ ಇರಲಿ, ಅಂಕಿಯನ್ನು ಹಿಂದೆ ಕೂತವರು ಬರೆದುಕೊಳ್ಳಲಿ. ನಿಂತು ಓದಿದರೆ ಎಂಜಿನ್ ಬಿಸಿ ಸೇರಿಕೊಳ್ಳುತ್ತದೆ.

ಹೆಚ್ಚಿನವರು ಬಿಟ್ಟುಬಿಡುವುದು ಒಂದನ್ನು: ಹೊರಟ ಜಾಗಕ್ಕೇ ವಾಪಸ್ ಬಂದು ಮತ್ತೆ ಓದಬೇಕು. ನೀವು ಸುತ್ತುವಷ್ಟರಲ್ಲಿ ಇಡೀ ಊರೇ ತಣಿಯುತ್ತಿರುತ್ತದೆ. 40 ನಿಮಿಷದಲ್ಲಿ ಅಲ್ಲಿ 0.6 ಡಿಗ್ರಿ ಇಳಿದಿದ್ದರೆ, 20ನೇ ನಿಮಿಷದ ಅಂಕಿಗೆ 0.3 ಸೇರಿಸಿ ಹೋಲಿಸಿ.

ಹೋಲಿಸಲು ತಗ್ಗಿನ ಗದ್ದೆಯನ್ನು ಆರಿಸಬೇಡಿ. ಮಲೆನಾಡಿನಲ್ಲಿ ಗುಡ್ಡದ ತಂಪು ಗಾಳಿ ರಾತ್ರಿ ಕೆಳಗಿಳಿದು ಅಲ್ಲಿ ಮಡುಗಟ್ಟುತ್ತದೆ. ಊರಿನ ಬಿಸಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮೋಡ ಕವಿದ ಅಥವಾ ಗಾಳಿ ಬೀಸುವ ರಾತ್ರಿ ವ್ಯತ್ಯಾಸ ಅಳಿಸಿಹೋಗುತ್ತದೆ, ಹಾಗಾಗಿ ಫೆಬ್ರವರಿ–ಮಾರ್ಚಿನ ನಕ್ಷತ್ರ ಕಾಣುವ, ಗಾಳಿಯಿಲ್ಲದ ರಾತ್ರಿಗಳನ್ನು ಹುಡುಕಿ, ಒಂದೇ ದಾರಿಯಲ್ಲಿ ಮೂರು–ನಾಲ್ಕು ಸಲ ಹೋಗಿ ಬನ್ನಿ.