ಮರಗೆಲಸದ ಶೆಡ್‌ಗೆ ಸಿಂಗಲ್ ಫೇಸ್ ಸಾಕಾ, ತ್ರೀ ಫೇಸ್ ಬೇಕಾ?

ಮಷಿನ್ ಕೊಳ್ಳುವಾಗ ಎಲ್ಲರೂ ಎಚ್‌ಪಿ ಕೇಳುತ್ತಾರೆ. ವೈರು, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಟ್ರಿಪ್ ಆಗುವ ಸ್ವಿಚ್), ಸ್ಟಾರ್ಟರ್ ಎಷ್ಟು ದೊಡ್ಡದು ಬೇಕು ಅಂತ ಗೊತ್ತಾಗುವುದು ಮಾತ್ರ ನೇಮ್‌ಪ್ಲೇಟಿನಲ್ಲಿರುವ ಆಂಪಿಯರ್‌ನಿಂದ. 1 ಎಚ್‌ಪಿ ಅಂದ್ರೆ 746 ವ್ಯಾಟ್, ನಿಜ. ಆದರೆ ಅದು ಮೋಟಾರಿನ ತಿರುಗುವ ಶಾಫ್ಟಿನಲ್ಲಿ ಸಿಗುವ ಲೆಕ್ಕ, ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ.

2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ತಗೊಳ್ಳಿ. 1492 ವ್ಯಾಟನ್ನು 230 ವೋಲ್ಟಿಂದ ಭಾಗಿಸಿದರೆ ಆರೂವರೆ ಆಂಪಿಯರ್ ಬರುತ್ತದೆ, ಅಷ್ಟಕ್ಕೇ ಬಿಡಬೇಡಿ. ಎಫಿಷಿಯೆನ್ಸಿ (ಎಳೆದ ವ್ಯಾಟಿನಲ್ಲಿ ಶಾಫ್ಟಿಗೆ ತಲುಪುವ ಪಾಲು) 75%, ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್ ಗುಣಿಸಿದ್ದರಲ್ಲಿ ನಿಜವಾದ ವ್ಯಾಟ್ ಆಗುವ ಪಾಲು) 0.8 ಅಂತ ಹಿಡಿದರೆ ಅದು 11ರ ಹತ್ತಿರ ಹೋಗುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಇದರ ಐದಾರು ಪಟ್ಟು, ಅಂದ್ರೆ ಸುಮಾರು 60 ಆಂಪಿಯರ್.

ಆಟ ಇರುವುದೇ ಇಲ್ಲಿ. ಬೋರ್ಡಿನಿಂದ ಮಷಿನ್‌ಗೆ 20 ಮೀಟರ್ ದೂರ ಅಂದುಕೊಳ್ಳಿ. ಹೋಗಿ ಬರುವ ತಂತಿ ಸೇರಿ 40 ಮೀಟರ್. 1.5 ಸ್ಕ್ವೇರ್ ಎಂಎಂ ತಾಮ್ರದ ವೈರಾದರೆ ಅದರ ರೆಸಿಸ್ಟೆನ್ಸ್ ಅರ್ಧ ಓಮ್ ಆಸುಪಾಸು, 60 ಆಂಪಿಯರ್ ಹರಿದಾಗ 30 ವೋಲ್ಟ್ ದಾರಿಯಲ್ಲೇ ಖಾಲಿ. ಮೋಟಾರಿಗೆ ಸಿಗುವುದು 200. ಟಾರ್ಕ್, ಅಂದ್ರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಕಾಲು ಭಾಗ ಬಲ ಹೋಯಿತು. ಗರಗಸ ಗುಂಯ್ ಅಂತ ಗೊಣಗುತ್ತಾ ನಿಧಾನಕ್ಕೆ ಏಳುವುದು ಇದಕ್ಕೇ. ಸುಮ್ನೆ ಸಿಂಗಲ್ ಫೇಸ್ ಮೋಟಾರ್ ಸ್ಟಾರ್ಟ್ ಆಗಲು ನೆರವಾಗುವ ಕೆಪಾಸಿಟರ್ ಮೇಲೆ ತಪ್ಪು ಹೊರಿಸಿ ಬದಲಾಯಿಸುತ್ತಾ ಹೋಗುತ್ತಾರೆ. 4 ಸ್ಕ್ವೇರ್ ಹಾಕಿದರೆ ನಷ್ಟ 12 ವೋಲ್ಟಿಗೆ ಇಳಿಯುತ್ತದೆ.

ಈಗ 5 ಎಚ್‌ಪಿ ತ್ರೀ ಫೇಸ್ ನೋಡಿ. 415 ವೋಲ್ಟಿನಲ್ಲಿ ಒಂದೊಂದು ಲೈನಿಗೆ ಏಳೆಂಟು ಆಂಪಿಯರ್ ಅಷ್ಟೇ, ಆ 2 ಎಚ್‌ಪಿಗಿಂತ ಕಡಿಮೆ! ಕೆಪಾಸಿಟರ್ ಕಾಟವೂ ಇಲ್ಲ. ನನ್ನ ಪ್ರಕಾರ 2 ಎಚ್‌ಪಿವರೆಗೆ ಸಿಂಗಲ್ ಫೇಸ್ ಆರಾಮ, 3 ಗಡಿ, ಅದರ ಮೇಲೆ ಹಠ ಮಾಡಬೇಡಿ. ಲೋಡ್ ಲೆಕ್ಕ ಹಾಕುವಾಗ ಎಲ್ಲ ಮಷಿನ್‌ಗಳನ್ನೂ ಕೂಡಿಸುವುದೂ ಬೇಡ. ಒಬ್ಬರೇ ಕೆಲಸ ಮಾಡುವ ಶೆಡ್‌ನಲ್ಲಿ ಒಟ್ಟಿಗೆ ಓಡುವುದು ಒಂದು ಮಷಿನ್, ಜೊತೆಗೆ ಹೊಟ್ಟು ಎಳೆಯುವ ಡಸ್ಟ್ ಕಲೆಕ್ಟರ್, ಅಲ್ವಾ?

ಶೆಡ್‌ನಲ್ಲಿ ಇರುವುದು ಸಿಂಗಲ್ ಫೇಸ್, ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿದ್ದು ತ್ರೀ ಫೇಸ್ ರಂದಾ ಮಷಿನ್ ಅಂತಾದರೆ ವಿಎಫ್‌ಡಿ (ಸಿಂಗಲ್ ಫೇಸಿನಿಂದ ತ್ರೀ ಫೇಸ್ ಮಾಡಿಕೊಡುವ ಎಲೆಕ್ಟ್ರಾನಿಕ್ ಡ್ರೈವ್) ಒಂದು ದಾರಿ. ಆದರೆ ಸಾಮಾನ್ಯ ವಿಎಫ್‌ಡಿಗೆ 230 ಕೊಟ್ಟರೆ ಹೊರಬರುವುದೂ 230 ವೋಲ್ಟಿನ ತ್ರೀ ಫೇಸೇ. 415ಕ್ಕೆ ಸ್ಟಾರ್ ಆಗಿ ಕಟ್ಟಿದ ಸಣ್ಣ ಮೋಟಾರನ್ನು ಡೆಲ್ಟಾಗೆ ಬದಲಿಸಿಕೊಳ್ಳಬೇಕು (ಸ್ಟಾರ್, ಡೆಲ್ಟಾ ಅಂದ್ರೆ ಮೋಟಾರಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ರೀತಿ). ಹಾಗಾಗಿ ದುಡ್ಡು ಕೊಡುವ ಮುಂಚೆ ಟರ್ಮಿನಲ್ ಬಾಕ್ಸ್ ಬಿಚ್ಚಿಸಿ: ಆರು ತುದಿ ಹೊರಗೆ ಬಂದಿದ್ದರೆ ಸರಿ, ಮೂರೇ ಇದ್ದರೆ ವೈಂಡಿಂಗ್ ಅಂಗಡಿಗೆ ಹೋಗಬೇಕಾಗುತ್ತದೆ.

ತ್ರೀ ಫೇಸ್‌ಗೂ ಅದರದೇ ತಲೆನೋವಿದೆ. ಒಂದು ಫೇಸ್ ಹೋದರೂ ಓಡುತ್ತಿರುವ ಮೋಟಾರ್ ನಿಲ್ಲದೆ ಉಳಿದ ಎರಡರ ಮೇಲೆ ಏದುಸಿರು ಬಿಡುತ್ತಾ ಓಡಿ ಸುಟ್ಟುಹೋಗುತ್ತದೆ. ಕರೆಂಟ್ ಜಾಸ್ತಿಯಾದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ನೇಮ್‌ಪ್ಲೇಟ್ ಆಂಪಿಯರ್‌ಗೆ ಸೆಟ್ ಮಾಡಿ, ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿ.

ಯಾವುದೇ ಫೇಸ್ ಆಗಲಿ, ಗರಗಸಕ್ಕೆ ಬರೀ ಸ್ವಿಚ್ ಬೇಡ, ಕರೆಂಟ್ ಹೋದರೆ ತಾನೇ ಆಫ್ ಆಗುವ, ಕಾಯಿಲ್ ಇರುವ ಸ್ಟಾರ್ಟರ್ ಬೇಕು. ಕರೆಂಟ್ ಹೋಯಿತು ಅಂತ ಬ್ಲೇಡ್ ಹತ್ತಿರ ಸಿಕ್ಕಿಕೊಂಡ ಚೂರು ತೆಗೆಯುತ್ತಿರುತ್ತೀರಿ, ಅಷ್ಟರಲ್ಲಿ ಕರೆಂಟ್ ಬರುತ್ತದೆ. ಸ್ಟಾರ್ಟರ್ ಇದ್ದರೆ ಹಸಿರು ಬಟನ್ ಒತ್ತುವವರೆಗೂ ಬ್ಲೇಡ್ ತಿರುಗುವುದಿಲ್ಲ.