ದಾನದ ಭೂಮಿ, ದಾನಿಯ ಷರತ್ತು: ಬೇಕನ್ಸ್‌ಫೀಲ್ಡ್ ಉದ್ಯಾನದ ಪ್ರಕರಣ

ಉದ್ಯಾನಕ್ಕೆಂದು ಖಾಸಗಿ ಭೂಮಿಯನ್ನು ದಾನವಾಗಿ ಪಡೆಯುವ ನಗರವು ಭೂಮಿಯೊಂದಿಗೆ ದಾನಿಯ ಷರತ್ತುಗಳನ್ನೂ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಆ ಷರತ್ತೇ ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಭೂಮಿಯ ಗತಿಯೇನು? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಒಂದೇ ಉದ್ಯಾನದ ವಿಷಯದಲ್ಲಿ ಎರಡು ಸಲ ಬಂದಿತು. ಎರಡೂ ತೀರ್ಪುಗಳನ್ನು ಜೊತೆಯಾಗಿಯೇ ಓದಬೇಕು.

ಜಾರ್ಜಿಯಾ ರಾಜ್ಯದ ಸೆನೆಟರ್ ಅಗಸ್ಟಸ್ ಬೇಕನ್ 1911ರಲ್ಲಿ ಬರೆದ ಉಯಿಲಿನಲ್ಲಿ, ತನ್ನ ಹೆಂಡತಿ ಮತ್ತು ಹೆಣ್ಣುಮಕ್ಕಳ ಜೀವಿತಾವಧಿಯ ಅನುಭೋಗ ಮುಗಿದ ಬಳಿಕ ತನ್ನ ಜಮೀನು ಮೇಕನ್ ನಗರಕ್ಕೆ ಉದ್ಯಾನವಾಗಿ ಸೇರಬೇಕೆಂದು ಹೇಳಿದ್ದನು. ಆದರೆ ಉದ್ಯಾನವನ್ನು ಬಳಸತಕ್ಕವರು ಆ ನಗರದ ಬಿಳಿಯ ಹೆಂಗಸರು, ಬಿಳಿಯ ಹುಡುಗಿಯರು, ಬಿಳಿಯ ಹುಡುಗರು ಮತ್ತು ಬಿಳಿಯ ಮಕ್ಕಳು ಮಾತ್ರ. ಆ ಸಾಲಿನಲ್ಲಿ ‘ಬಿಳಿಯ’ ಎಂಬ ವಿಶೇಷಣವು ಪ್ರತಿಯೊಂದು ನಾಮಪದದ ಹಿಂದೆಯೂ ಬಿಡದೆ ಬಂದಿರುವುದನ್ನು ಗಮನಿಸಿರಿ. ಮುಂದೆ ನ್ಯಾಯಾಲಯಗಳು ದಾನಿಯ ಇಂಗಿತವನ್ನು ಅಳೆದದ್ದು ಇಂತಹ ಪದಗಳಿಂದಲೇ. ನಗರವು ಟ್ರಸ್ಟಿಯಾಗಿ ಭೂಮಿಯನ್ನು ವಹಿಸಿಕೊಂಡಿತು. ಕಾಡಿನಂತಿದ್ದ ಜಾಗವು ಸಾರ್ವಜನಿಕ ಹಣದಿಂದ ಉದ್ಯಾನವಾಯಿತು.

ಸರ್ಕಾರಿ ಉದ್ಯಾನಗಳಲ್ಲಿ ಜನಾಂಗಭೇದ ಸಲ್ಲದೆಂದು ಕಾನೂನು ಸ್ಥಿರವಾದ ಮೇಲೆ ನಗರವು ಕಪ್ಪು ಜನರನ್ನೂ ಒಳಗೆ ಬಿಡತೊಡಗಿತು. ಆಗ ಉದ್ಯಾನದ ವ್ಯವಸ್ಥಾಪಕ ಮಂಡಳಿಯ ಸದಸ್ಯರು, ನಗರವನ್ನು ಟ್ರಸ್ಟಿಯ ಸ್ಥಾನದಿಂದ ತೆಗೆದು ಖಾಸಗಿ ಟ್ರಸ್ಟಿಗಳನ್ನು ನೇಮಿಸಬೇಕೆಂದು 1963ರಲ್ಲಿ ದಾವೆ ಹೂಡಿದರು. ಯಜಮಾನಿಕೆ ಖಾಸಗಿಯಾದರೆ ಸಂವಿಧಾನದ ಕೈ ಅಲ್ಲಿಗೆ ಎಟುಕದು ಎಂಬುದು ಅದರ ಹಿಂದಿನ ಲೆಕ್ಕಾಚಾರ. ನಗರ ರಾಜೀನಾಮೆ ಕೊಟ್ಟಿತು, ರಾಜ್ಯದ ನ್ಯಾಯಾಲಯ ಹೊಸ ಟ್ರಸ್ಟಿಗಳನ್ನು ನೇಮಿಸಿತು. ಆದರೆ 1966ರ ಇವಾನ್ಸ್ ವಿರುದ್ಧ ನ್ಯೂಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಡಗ್ಲಸ್ ಅವರ ಪ್ರಕಾರ, ಉದ್ಯಾನ ನಡೆಸುವುದು ಸ್ವಭಾವತಃ ನಗರಾಡಳಿತದ ಕೆಲಸ; ಬರಿಯ ಟ್ರಸ್ಟಿ ಬದಲಾದ ಮಾತ್ರಕ್ಕೆ ಅದರ ಸಾರ್ವಜನಿಕ ಗುಣ ಅಳಿಯುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಪ್ರಕರಣ ಅರ್ಧವೇ ಅರ್ಥವಾದಂತೆ. ಮುಂದೆ ಜಾರ್ಜಿಯಾದ ನ್ಯಾಯಾಲಯಗಳು, ಟ್ರಸ್ಟಿನ ಉದ್ದೇಶವನ್ನು ಈಡೇರಿಸುವುದು ಇನ್ನು ಅಸಾಧ್ಯವಾದ್ದರಿಂದ ಟ್ರಸ್ಟೇ ವಿಫಲವಾಗಿದೆ, ಭೂಮಿ ಬೇಕನ್‌ನ ವಾರಸುದಾರರಿಗೆ ಮರಳಬೇಕು ಎಂದವು. ‘ಸೈ ಪ್ರೆ’ ಎಂಬ ತತ್ತ್ವವನ್ನು ಇಲ್ಲಿ ತಿಳಿದಿರಬೇಕು: ಧರ್ಮಾರ್ಥ ದಾನದ ಮೂಲ ಉದ್ದೇಶ ನೆರವೇರದಿದ್ದಾಗ, ದಾನಿಯ ಸಾಮಾನ್ಯ ಇಂಗಿತಕ್ಕೆ ಆದಷ್ಟು ಹತ್ತಿರವಾದ ಉದ್ದೇಶಕ್ಕೆ ಆಸ್ತಿಯನ್ನು ಬಳಸಲು ನ್ಯಾಯಾಲಯ ಅನುಮತಿಸಬಹುದು. ಎಲ್ಲರಿಗೂ ತೆರೆದ ಉದ್ಯಾನವಾಗಿ ಅದನ್ನು ಉಳಿಸಲು ಇದೊಂದು ದಾರಿಯಾಗಿತ್ತು. ಆದರೆ ಜನಾಂಗಗಳನ್ನು ಬೇರೆಯಾಗಿಡುವುದು ಬೇಕನ್‌ನ ಇಚ್ಛೆಯ ಬಿಡಿಸಲಾಗದ ಭಾಗವೆಂದು ಹೇಳಿ ನ್ಯಾಯಾಲಯಗಳು ಆ ದಾರಿಯನ್ನು ಮುಚ್ಚಿದವು. 1970ರ ಇವಾನ್ಸ್ ವಿರುದ್ಧ ಆಬ್ನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಉದ್ಯಾನವೇ ಇಲ್ಲವಾದಾಗ ನಷ್ಟ ಬಿಳಿಯರಿಗೂ ಕಪ್ಪು ಜನರಿಗೂ ಸಮಾನ, ಆದ್ದರಿಂದ ಭೇದಭಾವವಿಲ್ಲ ಎಂಬುದು ನ್ಯಾಯಮೂರ್ತಿ ಬ್ಲ್ಯಾಕ್ ಅವರ ವಾದ.

ಈ ವಾದವನ್ನು ನಾನು ಎಷ್ಟು ಸಲ ಓದಿದರೂ ಒಪ್ಪಲಾರೆ. ಕಪ್ಪು ಮಕ್ಕಳು ಒಳಗೆ ಬರುವರೆಂಬ ಏಕೈಕ ಕಾರಣಕ್ಕೆ ಉದ್ಯಾನ ಮುಚ್ಚಿದಾಗ, ಆ ಮಕ್ಕಳಿಗೆ ಸಿಗುವ ಸಂದೇಶ ಸಮಾನತೆಯದಲ್ಲ. ನ್ಯಾಯಮೂರ್ತಿ ಬ್ರೆನನ್ ಅವರ ಭಿನ್ನಮತ ಇದೇ ಎಳೆಯನ್ನು ಹಿಡಿಯುತ್ತದೆ; ಸಾರ್ವಜನಿಕ ಹಣದಿಂದ ಬೆಳೆದು ದಶಕಗಳ ಕಾಲ ನಗರದ ಸ್ವತ್ತಿನಂತೆ ನಡೆದ ಜಾಗವನ್ನು ಈ ಕಾರಣಕ್ಕಾಗಿ ಖಾಸಗಿಯವರಿಗೆ ಒಪ್ಪಿಸುವುದು ಸಮಾನ ರಕ್ಷಣೆಗೆ ವಿರುದ್ಧವೆಂದು ಅವರು ಬರೆದರು. ಪರೀಕ್ಷೆಗೆ ಓದುವವರು ಬಹುಮತದ ಜೊತೆಗೆ ಇದನ್ನೂ ಬಿಡದೆ ಓದಿರಿ.

ನಮ್ಮ ಕಾನೂನಿನೊಂದಿಗೆ ಹೋಲಿಸುವಾಗ ಒಂದು ಎಚ್ಚರ ಬೇಕು. 1882ರ ಆಸ್ತಿ ವರ್ಗಾವಣೆ ಅಧಿನಿಯಮದ 122ನೇ ಕಲಮಿನಂತೆ ದಾನವನ್ನು ದಾನಿಯು ಬದುಕಿರುವಾಗಲೇ ಸ್ವೀಕರಿಸಬೇಕು. ಬೇಕನ್‌ನದು ಉಯಿಲಾದ್ದರಿಂದ ಆ ಕಲಮು ಇಂತಹ ಸಂದರ್ಭಕ್ಕೆ ಅನ್ವಯಿಸದು. ಹತ್ತಿರದ ಹೋಲಿಕೆಯಿರುವುದು ಸಂವಿಧಾನದ 15(2)ನೇ ವಿಧಿಯಲ್ಲಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮತ್ತು ಸಾರ್ವಜನಿಕರು ಸೇರುವ ಸ್ಥಳಗಳ ಬಳಕೆಗೆ ಜಾತಿ, ಜನಾಂಗ ಮುಂತಾದ ಕಾರಣಗಳಿಂದ ಅಡ್ಡಿಪಡಿಸಬಾರದೆನ್ನುವ ಈ ವಿಧಿಯು, ಸರ್ಕಾರದ ಹಣದಿಂದ ಪೂರ್ಣವಾಗಿಯೋ ಭಾಗಶಃವೋ ನಡೆಯುವ ಸ್ಥಳಗಳ ಜೊತೆಗೆ ಸಾರ್ವಜನಿಕರ ಬಳಕೆಗೆ ಅರ್ಪಿತವಾದ ಸ್ಥಳಗಳನ್ನೂ ಹೆಸರಿಸುತ್ತದೆ. ಅಂದರೆ ಟ್ರಸ್ಟಿ ಯಾರು ಎಂಬುದರ ಮೇಲೆಯೇ ಪ್ರಶ್ನೆ ನಿಲ್ಲುವುದಿಲ್ಲ. ಆದರೆ ಷರತ್ತು ಬಿದ್ದುಹೋದ ಮೇಲೆ ಭೂಮಿ ಯಾರಿಗೆ ಸೇರಬೇಕು ಎಂಬುದಕ್ಕೆ ಈ ವಿಧಿಯಲ್ಲಿ ಉತ್ತರವಿಲ್ಲ. ಅದನ್ನು ದಾನಪತ್ರದ ಅಥವಾ ಉಯಿಲಿನ ಮಾತುಗಳಲ್ಲಿ ಹುಡುಕಬೇಕಾಗುತ್ತದೆ. ಮೇಕನ್ನಿನಲ್ಲಿ ಆ ಮಾತುಗಳೇ ಉದ್ಯಾನವನ್ನು ಮುಳುಗಿಸಿದವು, ಮರಗಳಿದ್ದ ಆ ಜಾಗಕ್ಕೆ ಕೊನೆಗೆ ಅಂಗಡಿ ಮಳಿಗೆಗಳು ಬಂದವು.