ಹೊಸ ಸಾಲು ಎಲ್ಲಿ ಕೂರಬೇಕು? ಡೇಟಾಬೇಸ್ ಕೀಗಳ ಹಳೇ ಜಗ್ಗಾಟ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಡೇರಿಗೆ ಹಾಲು ಬರುತ್ತದೆ. ಸಂಜೆ ಮತ್ತೊಮ್ಮೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎಲ್ಲ ಸೇರಿದ ಎಂಟ್ರಿಗಳು ಒಂದೇ ಡೇಟಾಬೇಸ್‌ಗೆ ಹೋಗುತ್ತವೆ ಎಂದಿಟ್ಟುಕೊಳ್ಳಿ. ಟೇಬಲ್ ಬೆಳೆದ ಹಾಗೆ ಇನ್ಸರ್ಟ್, ಅಂದರೆ ಹೊಸ ಸಾಲು ಸೇರಿಸುವುದು, ನಿಧಾನವಾಗುತ್ತದೆ. ಆಗ ಸಲಹೆಗಳು ಶುರು. ಪ್ರತಿ ಸಾಲನ್ನು ಗುರುತಿಸುವ ಕೀಗೆ ಬರೀ ನಂಬರ್ ಸಾಕು ಅಂತ ಒಬ್ಬರು. ಎಲ್ಲೂ ಎರಡು ಸಲ ಬಾರದ ಉದ್ದನೆಯ ಗುರುತು, ಅಂದರೆ ಜಿಯುಐಡಿ, ಬೇಕೇ ಬೇಕು ಅಂತ ಇನ್ನೊಬ್ಬರು. ಸರಣಿಯಲ್ಲಿ ಬರುವ ಜಿಯುಐಡಿ ಹಾಕಿ ಅಂತ ಮೂರನೆಯವರು. ಮೂರೂ ಸಲಹೆ ಒಂದೊಂದು ಕಾಲದಲ್ಲಿ ಸರಿಯಾಗಿದ್ದವು, ಗೊಂದಲ ಹುಟ್ಟಿದ್ದೇ ಅಲ್ಲಿ.

ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಹೊತ್ತಿಗೆ ಬಿ-ಟ್ರೀ ಎಂಬ ಜೋಡಣೆ ರೂಪಿಸಿದರು. ಇವತ್ತಿಗೂ ಹೆಚ್ಚಿನ ಡೇಟಾಬೇಸ್‌ಗಳ ಇಂಡೆಕ್ಸ್ (ಸಾಲನ್ನು ಬೇಗ ಹುಡುಕುವ ಪಟ್ಟಿ) ಅದರ ಮೇಲೆಯೇ ನಿಂತಿದೆ. ಅದರಲ್ಲಿ ಕೀಗಳು ಸದಾ ಕ್ರಮದಲ್ಲಿರಬೇಕು. 1, 2, 3 ಎಂದು ಏರುವ ನಂಬರ್ ಕೊಟ್ಟರೆ ಹೊಸ ಸಾಲು ಕೊನೆಯ ಪೇಜ್‌ಗೆ (ಸಾಲುಗಳನ್ನು ಇಡುವ ಒಂದು ತುಂಡು ಜಾಗ) ಸೇರುತ್ತದೆ. ಬಹುಕಾಲ ಇಷ್ಟೇ ಸಾಕಾಗಿತ್ತು.

ಆಮೇಲೆ ಕಂಪ್ಯೂಟರ್‌ಗಳು ಹಲವಾದವು. ನೆಟ್‌ವರ್ಕ್ ಇಲ್ಲದ ಡೇರಿಯೂ ಎಂಟ್ರಿ ಹಾಕಬೇಕು, ಆಮೇಲೆ ಕಳಿಸಬೇಕು. ಎರಡು ಡೇರಿಗಳ ನಂಬರ್ ಒಂದೇ ಆಗಬಾರದು, ಅಲ್ವಾ? ಇದಕ್ಕೆ ಉತ್ತರ 128 ಬಿಟ್‌ನ ಯುಯುಐಡಿ. ಮೈಕ್ರೋಸಾಫ್ಟ್ ಲೋಕದಲ್ಲಿ ಅದೇ ಜಿಯುಐಡಿ. 1980ರ ದಶಕದಲ್ಲಿ ಅಪೋಲೋ ಕಂಪ್ಯೂಟರ್ ಕಂಪನಿಯಲ್ಲಿ ಶುರುವಾದ ಈ ಯೋಚನೆ 2005ರಲ್ಲಿ ಆರ್‌ಎಫ್‌ಸಿ 4122 ಎಂಬ ಇಂಟರ್ನೆಟ್ ಮಾನದಂಡವಾಯಿತು. ಅದರ ಬಗೆಗಳಲ್ಲಿ ಎಲ್ಲರಿಗೂ ಹಿಡಿಸಿದ್ದು ವರ್ಷನ್ 4. ಅದರ 122 ಬಿಟ್‌ಗಳು ಬರೀ ರ‍್ಯಾಂಡಮ್.

ತೊಂದರೆ ಕಂಡದ್ದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನಂಥ ಕಡೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಲ್ಲಿ ಪ್ರೈಮರಿ ಕೀ (ಸಾಲಿನ ಮುಖ್ಯ ಗುರುತು) ಕೊಟ್ಟರೆ, ಬೇರೆ ಹೇಳದ ಹೊರತು, ಟೇಬಲ್ಲೇ ಆ ಕ್ರಮದಲ್ಲಿ ಜೋಡಣೆಯಾಗುತ್ತದೆ. ಒಂದು ಪೇಜ್ 8 ಕೆಬಿ. ರ‍್ಯಾಂಡಮ್ ಕೀ ಬಂದರೆ ಸಾಲು ಟೇಬಲ್‌ನ ಯಾವ ಮೂಲೆಗಾದರೂ ಹೋಗಬೇಕು. ಆ ಪೇಜ್ ತುಂಬಿದ್ದರೆ ಅದನ್ನು ಎರಡು ಮಾಡಿ, ಸುಮಾರು ಅರ್ಧ ಸಾಲುಗಳನ್ನು ಹೊಸ ಪೇಜ್‌ಗೆ ಸಾಗಿಸಿ, ಅಷ್ಟನ್ನೂ ಬದಲಾವಣೆಗಳ ದಾಖಲೆಯಾದ ಲಾಗ್‌ಗೆ ಬರೆಯಬೇಕು. ಪೇಜ್‌ಗಳು ಅರೆಬರೆ ತುಂಬಿ ಟೇಬಲ್ ಉಬ್ಬುತ್ತದೆ. ಟೇಬಲ್ ಮೆಮೊರಿಗಿಂತ ದೊಡ್ಡದಾದ ಮೇಲಂತೂ ಒಂದು ಸಾಲು ಸೇರಿಸಲು ಡಿಸ್ಕ್‌ನಿಂದ ಹಳೇ ಪೇಜ್ ಓದಿ ತರಬೇಕಾಗುತ್ತದೆ. ಟೆಸ್ಟ್ ಸರ್ವರ್‌ನಲ್ಲಿ ಚೆನ್ನಾಗಿದ್ದದ್ದು ವರ್ಷದ ನಂತರ ಕೈಕೊಡುವುದು ಇದಕ್ಕೇ.

2002ರಲ್ಲಿ ಜಿಮ್ಮಿ ನಿಲ್ಸನ್ ಎಂಬ ಸಾಫ್ಟ್‌ವೇರ್ ಲೇಖಕರು 'ಕಾಂಬ್' ಎಂಬ ಉಪಾಯ ಮುಂದಿಟ್ಟರು. ಜಿಯುಐಡಿಯ ಕೊನೆಯ 6 ಬೈಟ್‌ಗಳಲ್ಲಿ ಸಮಯ ತುಂಬುವುದು. ಕೊನೆಯಲ್ಲೇ ಯಾಕೆಂದರೆ ಎಸ್‌ಕ್ಯೂಎಲ್ ಸರ್ವರ್ ಹೋಲಿಸುವಾಗ ಮೊದಲು ನೋಡುವುದು ಆ ಬೈಟ್‌ಗಳನ್ನೇ. ಎಸ್‌ಕ್ಯೂಎಲ್ ಸರ್ವರ್‌ನ 2005ರ ಆವೃತ್ತಿಯಲ್ಲಿ ನ್ಯೂಸೀಕ್ವೆನ್ಷಿಯಲ್‌ಐಡಿ ಎಂಬ ಫಂಕ್ಷನ್ ಬಂತು. ಒಂದೇ ಯಂತ್ರದಲ್ಲಿ ಏರುತ್ತಾ ಹೋಗುವ ಜಿಯುಐಡಿಯನ್ನು ಅದು ಕೊಡುತ್ತದೆ. ವಿಂಡೋಸ್ ರೀಸ್ಟಾರ್ಟ್ ಆದರೆ ಮಾತ್ರ ಕೆಳಗಿನ ಮೌಲ್ಯದಿಂದ ಶುರುವಾಗಬಹುದು. ಆದರೆ ಅದನ್ನು ಕಾಲಮ್‌ನ ಡಿಫಾಲ್ಟ್ (ಬೇರೆ ಕೊಡದಿದ್ದಾಗ ತಾನೇ ತುಂಬುವ ಮೌಲ್ಯ) ಆಗಿ ಮಾತ್ರ ಬಳಸಬಹುದು, ಅಂದರೆ ಕೀ ಹುಟ್ಟುವುದು ಸರ್ವರ್‌ನಲ್ಲಿ. ನೆಟ್‌ವರ್ಕ್ ಇಲ್ಲದ ಡೇರಿಗೆ ಅದರಿಂದ ಏನು ಉಪಯೋಗ? ಯಾವ ಅನುಕೂಲಕ್ಕೆ ಜಿಯುಐಡಿ ತಂದರೋ ಅದೇ ಕೈಬಿಟ್ಟುಹೋಯಿತು. ಬರೀ ಇನ್ಸರ್ಟ್ ವೇಗ ಬೇಕಿದ್ದರೆ 8 ಬೈಟ್‌ನ ನಂಬರ್, ಅಂದರೆ ಬಿಗ್‌ಇಂಟ್, ಇತ್ತಲ್ಲ!

ಸರಣಿ ಕೀಗೂ ಬೇರೆ ತೊಡಕಿದೆ. ನೂರಾರು ಕನೆಕ್ಷನ್‌ಗಳು ಒಟ್ಟಿಗೆ ಬರೆದರೆ ಎಲ್ಲವೂ ಅದೇ ಕೊನೆಯ ಪೇಜ್‌ಗೆ ಮುಗಿಬೀಳುತ್ತವೆ. ಇದಕ್ಕಾಗಿ ಎಸ್‌ಕ್ಯೂಎಲ್ ಸರ್ವರ್ 2019ರಲ್ಲಿ ಇಂಡೆಕ್ಸ್‌ಗೆ 'ಆಪ್ಟಿಮೈಜ್ ಫಾರ್ ಸೀಕ್ವೆನ್ಷಿಯಲ್ ಕೀ' ಎಂಬ ಆಯ್ಕೆ ಸೇರಿಸಿದರು. ಡೇಟಾವನ್ನು ಹಲವು ಸರ್ವರ್‌ಗಳಿಗೆ ಹಂಚುವ ಗೂಗಲ್ ಸ್ಪ್ಯಾನರ್‌ನಲ್ಲಂತೂ ಏರುವ ಕೀ ಬೇಡ ಎಂಬುದೇ ಸಲಹೆ. ಒಂದೇ ಸರ್ವರ್‌ನವರು ಆ ಸಲಹೆ ಓದಿ ಗಾಬರಿಯಾಗಿ ರ‍್ಯಾಂಡಮ್‌ಗೆ ಮರಳುವುದು ಬೇಕಿಲ್ಲ. ಮೊದಲು ಅಳೆದು ನೋಡಬೇಕು. ಎಷ್ಟೋ ಸಲ ಒಂದೊಂದು ಸಾಲಿಗೂ ಬೇರೆ ಕಮಿಟ್ (ಬರೆದದ್ದನ್ನು ಖಾಯಂ ಮಾಡುವ ಹೆಜ್ಜೆ) ಮಾಡುವುದೇ ನಿಧಾನಕ್ಕೆ ಕಾರಣ. ಕೆಲವು ನೂರು ಸಾಲು ಒಟ್ಟಿಗೆ ಕಮಿಟ್ ಮಾಡಿದರೆ ಕೀ ಮುಟ್ಟದೆಯೇ ಜಾಸ್ತಿ ಲಾಭ ಸಿಗುತ್ತದೆ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿಯಲ್ಲೂ ಇದೇ ಕಥೆ. ಕ್ರಮದಲ್ಲಿ ಬಂದರೆ ಪೇಜ್ ಸುಮಾರು 15/16 ತುಂಬುತ್ತದೆ, ರ‍್ಯಾಂಡಮ್ ಆದರೆ ಅರ್ಧದಷ್ಟೇ ಇರಬಹುದು. ಬೇರೆ ಕಾಲಮ್‌ಗಳಿಗೆ ಮಾಡುವ ಪ್ರತಿ ಸೆಕೆಂಡರಿ ಇಂಡೆಕ್ಸ್‌ನಲ್ಲೂ ಪ್ರೈಮರಿ ಕೀಯ ನಕಲು ಇರುತ್ತದೆ. ಹಾಗಾಗಿ ಯುಯುಐಡಿಯನ್ನು 16 ಬೈಟ್ ಬದಲು 36 ಅಕ್ಷರದ ಪಠ್ಯವಾಗಿ ಇಟ್ಟರೆ ಎಲ್ಲ ಕಡೆ ಭಾರ.

2024ರ ಮೇನಲ್ಲಿ ಬಂದ ಆರ್‌ಎಫ್‌ಸಿ 9562 ಯುಯುಐಡಿಯ ವರ್ಷನ್ 7ನ್ನು ಮಾನದಂಡ ಮಾಡಿತು. ಮೊದಲ 48 ಬಿಟ್ ಮಿಲಿಸೆಕೆಂಡ್ ಲೆಕ್ಕದ ಸಮಯ, ಉಳಿದದ್ದು ಬಹುಪಾಲು ರ‍್ಯಾಂಡಮ್. ಡೇರಿಯ ಯಂತ್ರವೇ ಕೀ ಹುಟ್ಟಿಸಬಹುದು. ಬೆಳಗಿನ ಎಂಟ್ರಿ ಮಧ್ಯಾಹ್ನ ಬಂದರೂ, ಯಂತ್ರದ ಗಡಿಯಾರ ಸರಿಯಿದ್ದರೆ, ಬೆಳಗಿನ ಕೆಲವೇ ಪೇಜ್‌ಗಳ ಸುತ್ತ ಸೇರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 18ನೇ ಆವೃತ್ತಿಯಲ್ಲಿ, ಅಂದರೆ 2025ರಿಂದ, ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಎಸ್‌ಕ್ಯೂಎಲ್ ಸರ್ವರ್‌ನವರು ಮಾತ್ರ ಎಚ್ಚರವಾಗಿರಬೇಕು. ವರ್ಷನ್ 7ರಲ್ಲಿ ಸಮಯ ಮೊದಲಲ್ಲಿದೆ, ಆ ಡೇಟಾಬೇಸ್ ಮೊದಲು ನೋಡುವುದು ಕೊನೆಯ 6 ಬೈಟ್. ಬೈಟ್‌ಗಳನ್ನು ಅದಲುಬದಲು ಮಾಡದೆ ಜಿಯುಐಡಿ ಇಡುವ ಯೂನಿಕ್‌ಐಡೆಂಟಿಫೈಯರ್ ಕಾಲಮ್‌ಗೆ ಹಾಕಿದರೆ ಪೇಜ್‌ಗಳು ವರ್ಷನ್ 4ರ ಹಾಗೆಯೇ ಒಡೆಯುತ್ತವೆ.